ಮೈಲಾರಣ್ಣ ಕೇಳದೇ ಉಳಿದ ಐಟಂ

ಮೈಲಾರಣ್ಣ ಮಾತಾಡುವವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ನನ್ನ ಬಾಯಿಯನ್ನಂತೂ ಹಲ್ಲಿನ ಡಾಕ್ಟರ್ ನೋಡಿದ ಹಾಗೆ ನೋಡುತ್ತಿದ್ದರು. ಮಿಮಿಕ್ರಿ ಮಾಡುವವನ ಬಾಯಿಗೆ ಇಷ್ಟು ಮರ್ಯಾದೆ ಕೊಡುವವರು ಜಾವಗಲ್ಲಿನಲ್ಲಾದರೂ ಒಬ್ಬರಿದ್ದಾರಲ್ಲ ಎಂದು ನಾನು ಬೀಗುತ್ತಿದ್ದೆ.

ಜಾವಗಲ್ಲಿನಲ್ಲಿ ಅವರದು ಮೈಕ್‌ಸೆಟ್ ಅಂಗಡಿ. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಅವರದೇ ಬಾಕ್ಸು. ನನ್ನದು ಹಳೇಬೀಡಿನಲ್ಲಿ ಸೈಕಲ್ ಶಾಪಿನ ಮೇಲಿನ ಒಂದು ಕೋಣೆ. ಗೋಡೆಗೆ ಹಳೆ ಕಂಬಳಿ. ಮೇಜಿನ ಮೇಲೆ ಒಂದು ಮೈಕು, ಒಂದು ಕಂಪ್ಯೂಟರು, ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ. ಸೀರೆ ಸೇಲು, ಕಣ್ಣಿನ ಕ್ಯಾಂಪು ಅಂತ ಆಟೋದಲ್ಲಿ ಕೂಗಿಕೊಂಡು ಹೋಗುವ ದನಿಗಳೆಲ್ಲ ಅಲ್ಲೇ ಹುಟ್ಟುತ್ತವೆ. ಗಂಡಸು, ಹೆಂಗಸು, ಮುದುಕ, ಮಗು, ಎಲ್ಲ ನಾನೇ. ಅಷ್ಟು ಜನ ತುಂಬಿದ ಕೋಣೆಯಲ್ಲಿ ಟೀ ಕುಡಿಯುವುದು ಮಾತ್ರ ನಾನೊಬ್ಬನೇ.

"ಸದ್ದು ಕತ್ತೆನೂ ಮಾಡ್ತದೆ ಕಣ್ಲಾ, ಚೊಕ್ಕವಾಗಿ ಕೇಳಿಸ್ಬೇಕು" ಅನ್ನುವುದು ಮೈಲಾರಣ್ಣನ ಮಾತು. ವೈರಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಇದನ್ನು ಹೇಳುತ್ತಿದ್ದರು. ನನ್ನ ಮೊದಲ ಕಾರ್ಯಕ್ರಮಕ್ಕೆ ಸೆಟ್ ಹಾಕಿದವರು ಅವರೇ. ಮೈಕಿಗೆ ಬಾಯಿ ಅಂಟಿಸಿ ನಿಂತಿದ್ದ ನನಗೆ, "ಏನ್ಲಾ, ಅದ್ನ ತಿಂತೀಯ? ನಾಲ್ಕ್ ಬೆರಳು ದೂರ ನಿಂತ್ಕ" ಅಂದಿದ್ದರು. ಇವತ್ತಿಗೂ ನಾಲ್ಕು ಬೆರಳು ಅಳೆದೇ ನಿಲ್ಲುತ್ತೇನೆ.

ನಗಿಸಿ ಬದುಕುವವನಿಗೆ ನಗು ಯಾವ ಗಳಿಗೆಯಲ್ಲಿ ಬೀಳುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಜನ ನಕ್ಕ ಮೇಲೆ, ಅವರ ಮುಖ ನೋಡಿ, ಮೈಲಾರಣ್ಣ ನಗುತ್ತಿದ್ದರು. ಒಂದು ಉಸಿರು ತಡ. ನನಗೆ ಅವರ ಕಿವಿಯ ಮೇಲೆ ಅನುಮಾನ ಬಂತು. ಹತ್ತಿರ ಹೋಗಿ ಕೇಳಬಹುದಿತ್ತು. ನಾನು ತಮಾಷೆ ಮಾಡಿದೆ.

ಹಾರನಹಳ್ಳಿಯಲ್ಲಿ ಶಾಲೆಯ ವಾರ್ಷಿಕೋತ್ಸವ. ಶುರುವಾಗುವ ಮುಂಚೆ ಮೈಕ್ ಪರೀಕ್ಷೆ. ಮೈಲಾರಣ್ಣ ಮೈದಾನದ ಆ ತುದಿಯಲ್ಲಿ, ದನಿ ಬಂದದ್ದನ್ನು ತೋರಿಸುವ ದೀಪ ಕೆಟ್ಟ ಹಳೆ ಆಂಪ್ಲಿಫೈಯರಿನ ಮುಂದೆ. ನಾನು ವೇದಿಕೆಯ ಮೇಲೆ ಕೈ ಬೀಸುತ್ತ, ಹುಬ್ಬು ಕುಣಿಸುತ್ತ, ಬರೀ ತುಟಿ ಆಡಿಸಿದೆ. ದನಿ ಬಿಡಲೇ ಇಲ್ಲ. ಅವರು ಹೆಬ್ಬೆರಳೆತ್ತಿ ಕೂಗಿದರು: "ಚೊಕ್ಕವಾಗ್ ಬತ್ತೈತೆ. ಹಂಗೇ ಮಾತಾಡು."

ವಾದ್ಯದ ಹುಡುಗರು ಬಿದ್ದು ಬಿದ್ದು ನಕ್ಕರು. ಒಂದು ಉಸಿರು ತಡವಾಗಿ ಮೈಲಾರಣ್ಣನೂ ನಕ್ಕರು.

ಅಲ್ಲಿಗೆ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಅದನ್ನೊಂದು ಐಟಂ ಮಾಡಿಕೊಂಡೆ: ಮೊದಲು ತುಟಿ ಆಡಿಸುವುದು, ಆಮೇಲೆ ಅವರ ದನಿಯಲ್ಲಿ ಗಟ್ಟಿಯಾಗಿ "ಚೊಕ್ಕವಾಗ್ ಬತ್ತೈತೆ". ಅರಸೀಕೆರೆಯಲ್ಲಿ ಶಿಳ್ಳೆ ಬಿತ್ತು, ಬೇಲೂರಿನಲ್ಲಿ ಒನ್ಸ್ ಮೋರ್. ಕೆಲವು ತಿಂಗಳಲ್ಲೇ ಮೈಲಾರಣ್ಣನ ಬಾಕ್ಸುಗಳು ಅಂಗಡಿಯಿಂದ ಹೊರಡುವುದು ನಿಂತಿತು. "ಕಿವಿ ಕೇಳದೋರ ಸೆಟ್ಟು ಯಾಕಪ್ಪ" ಎಂದು ಮದುವೆ ಮನೆಯೊಂದರಲ್ಲಿ ಯಾರೋ ಹೇಳಿದ್ದು ನನ್ನ ಕಿವಿಗೇ ಬಿತ್ತು. ನನ್ನ ಕಿವಿ ಚೆನ್ನಾಗಿದೆ.

ತಪ್ಪು ತಿದ್ದಿಕೊಳ್ಳುವುದಕ್ಕೂ ನನಗೊಂದು ಸಾಮಾನು ಬೇಕು. ಹೆಡ್‌ಫೋನಿಗೆಂದೇ ಇರುವ ಆಂಪ್ಲಿಫೈಯರ್ ಒಂದನ್ನು ತರಿಸಿ, ಅವರನ್ನು ಮಧ್ಯಾಹ್ನದ ಬಸ್ಸಿಗೆ ನನ್ನ ಕೋಣೆಗೆ ಕರೆಸಿಕೊಂಡೆ. ಇದರಲ್ಲಿ ಕೇಳಿಸಿದರೆ, ಇದನ್ನೇ ಹಾಕಿಕೊಂಡು ಮತ್ತೆ ಸೆಟ್ ನಡೆಸಬಹುದು ಎಂಬುದು ನನ್ನ ಆಸೆ. ಇಂಟರ್‌ಫೇಸಿನ ಮುಂದಿದ್ದ ಹೆಡ್‌ಫೋನ್ ತೂತಿಗೆ ವೈರ್ ಚುಚ್ಚಿದೆ. ಅವರು ಅದನ್ನು ಕಿತ್ತು ನನ್ನ ಕೈಗೇ ಕೊಟ್ಟರು.

"ಅದು ಆಗ್ಲೇ ಕಿವಿಗೆ ಅಂತ ಹಿಗ್ಗಿಸಿರೋ ದನಿ. ಅದ್ನೇ ಇನ್ನೊಂದ್ಸಲ ಹಿಗ್ಗಿಸಿದ್ರೆ ಗಲೀಜಾಯ್ತದೆ. ಹಿಂದ್ಗಡೆ ಹಿಗ್ಗಿಸ್ದೇ ಇರೋ ದನಿ ಬರೋ ಲೈನ್ ಔಟ್ ಐತಲ್ಲ, ಎಡಕ್ಕೊಂದು ಬಲಕ್ಕೊಂದು, ಅಲ್ಲಿಂದ ಎಳ್ಕ. ಆಂಪ್ಲಿ ಗುಂಡಿ ಸೊನ್ನೆಗೆ ತಿರುಗ್ಸು. ಆಮೇಲೆ ಕಿವಿಗೆ."

ಹೆಡ್‌ಫೋನ್ ಹಾಕಿಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತು, ಗುಂಡಿಯನ್ನು ತಾವೇ ನಿಧಾನವಾಗಿ ತಿರುಗಿಸತೊಡಗಿದರು. ನಾನು ಮೈಕಿನಲ್ಲಿ, "ಅಣ್ಣ, ಊಟಕ್ಕೇನಿತ್ತು?" ಅಂದೆ. ಇನ್ನೊಂದು ಸಲ ಅಂದೆ. ಅರ್ಧದ ಹತ್ತಿರ ಗುಂಡಿ ನಿಂತಿತು.

"ಅವರೆಕಾಳು ಸಾರು," ಅಂದರು, ಕಿಟಕಿ ನೋಡುತ್ತಲೇ.

ಸುಮಾರು ಹೊತ್ತು ಹಾಗೇ ಮಾತಾಡಿದೆವು. ಆಮೇಲೆ ನನ್ನ ಕಡೆ ತಿರುಗಿದರು.

"ನನ್ ಮೇಲೊಂದು ಐಟಂ ಮಾಡ್ತೀಯಂತಲ್ಲ. ಎಲ್ರೂ ಕೇಳವ್ರೆ, ನಾನೊಬ್ನೇ ಕೇಳಿಲ್ಲ. ಮಾಡು."

"ಅದೇನ್ ಚೆನ್ನಾಗಿಲ್ಲ, ಬಿಡಿ ಅಣ್ಣ."

"ಮಾಡ್ಲಾ. ಒಂದ್ಸಲ ಸರ್ಯಾದ್ ಟೈಮಿಗೆ ನಗ್ತೀನಿ."

ತುಟಿ ಆಡಿಸತೊಡಗಿದೆ. ಅವರು ಗುಂಡಿ ಸ್ವಲ್ಪ ತಿರುಗಿಸಿದರು. ಇನ್ನೂ ಸ್ವಲ್ಪ. ಕೊನೆ ಮುಟ್ಟಿ ಗುಂಡಿ ನಿಂತಿತು. ಈಗ ನಾನು ಅವರ ಮಾತನ್ನು ಗಟ್ಟಿಯಾಗಿ ಹೇಳಬೇಕು; ಹೇಳಿದರೆ ಉಳಿದಷ್ಟು ಕಿವಿಯೂ ಹೋಗುತ್ತದೆ. ಬಾಯಿ ಮುಚ್ಚಿ ಕೂತೆ.

ಮೈಲಾರಣ್ಣ ಇಂಟರ್‌ಫೇಸಿನ ಕಡೆ ಬಗ್ಗಿದರು. ದನಿ ಬಂದರೆ ಹತ್ತುವ ಹಸಿರು ದೀಪ ಅದರಲ್ಲಿತ್ತು. ಅದು ಹತ್ತಿಯೇ ಇರಲಿಲ್ಲ.

"ಹಾರನಹಳ್ಳೀಲೂ ಹಿಂಗೇನಾ?"

ಹೌದೆಂದು ತಲೆಯಾಡಿಸಿದೆ.

ಗುಂಡಿಯನ್ನು ಸೊನ್ನೆಗೆ ತಂದರು. ಹೆಡ್‌ಫೋನ್ ತೆಗೆದು, ಗಂಟಾಗದಂತೆ ವೈರ್ ಸುತ್ತಿ, ನನ್ನ ಮುಂದಿಟ್ಟರು. ಬಸ್‌ಸ್ಟ್ಯಾಂಡಿನವರೆಗೆ ಬರ್ತೀನಿ ಅಂದೆ. ಅವರಾಗಲೇ ಬೆನ್ನು ತಿರುಗಿಸಿ ಮೆಟ್ಟಿಲಿಳಿಯುತ್ತಿದ್ದರು; ಕೇಳಿಸಲಿಲ್ಲ.

ಸೆಟ್ಟನ್ನು ಮಾರಿದರಂತೆ. ಜಾವಗಲ್ಲಿಗೆ ಎರಡು ಸಲ ಹೋದೆ, ಎರಡು ಸಲವೂ ಅಂಗಡಿ ಮುಚ್ಚಿತ್ತು. ಫೋನ್ ಮಾಡಿದರೆ ಅವರಿಗೆ ಕೇಳದು. ಮೆಸೇಜ್ ಬರೆಯಲು ಕೂತೆ. ಯಾರ ದನಿಯನ್ನೂ ಹಾಕಿಕೊಳ್ಳದೆ ಎರಡು ಸಾಲು ಬರೆಯಲು ನನಗೆ ಒಂದು ವಾರ ಹಿಡಿಯಿತು. ಓದಿದರೆಂದು ನೀಲಿ ಗುರುತು ಬಂದಿದೆ.