ರಂಗಮ್ಮನ ಗಂಟಲು ಮತ್ತು ನನ್ನ ಮೆಣಸಿನ ಕಷಾಯ

ರಂಗಮ್ಮ ಸೋಬಾನೆ ಎತ್ತಿದರೆ ಚಪ್ಪರದ ಹಿಂದೆ ಅಡುಗೆಯವರು ಸೌಟು ಹಿಡಿದು ಹಾಗೇ ನಿಲ್ಲುತ್ತಿದ್ದರು. ಇದು ಹೊಗಳಿಕೆಯಲ್ಲ, ನಾನು ಕಣ್ಣಾರೆ ಕಂಡದ್ದು. ಕುಶಾಲನಗರದ ಸುತ್ತಿನ ನಮ್ಮ ಏಳೆಂಟು ಹಳ್ಳಿಗಳಲ್ಲಿ ಮೂವತ್ತು ವರ್ಷ ಅವಳಿಲ್ಲದೆ ಹೆಣ್ಣಿಗೆ ಅರಿಶಿನ ಹಚ್ಚಿದ್ದಿಲ್ಲ. ಅವಳ ಅವ್ವ ಅರಕಲಗೂಡಿನ ಕಡೆಯಿಂದ ಬರುವಾಗ ತಂದದ್ದು ಒಂದು ಟ್ರಂಕು, ಒಂದು ಒನಕೆ, ಮತ್ತೆ ಬಾಯಿತುಂಬ ಹಾಡು. ಟ್ರಂಕು ತುಕ್ಕು ಹಿಡಿಯಿತು, ಒನಕೆಯನ್ನು ಗೆದ್ದಲು ತಿಂದಿತು, ಹಾಡು ಮಾತ್ರ ಮಗಳಿಗೆ ಬಂತು. ಒಂದು ಸಾಲನ್ನೂ ಯಾರೂ ಬರೆದಿಟ್ಟಿರಲಿಲ್ಲ. ರಂಗಮ್ಮನಿಗೆ ಬರೆಯಲು ಬರುವುದಿಲ್ಲ, ಬರೆಸಿಕೊಳ್ಳುವ ಬುದ್ಧಿ ನಮಗೆ ಬರಲಿಲ್ಲ.

ಅವಳ ಗಂಡ ತಿಮ್ಮಯ್ಯ ಎರಡು ಹಸು, ಒಂದು ಎಕರೆ ಗದ್ದೆ ನೋಡಿಕೊಂಡು ಮನೆಯಲ್ಲಿರುವವನು. ಅವಳು ಕೊಯ್ಲಿನ ಕಾಲಕ್ಕೆ ಚೆಟ್ಟಳ್ಳಿಯ ಕಾಫಿ ತೋಟಕ್ಕೆ ಹೋಗುವವಳು. ಬೆಳಿಗ್ಗೆ ಆರೂವರೆಗೆ ನನ್ನ ಮನೆಯ ಮುಂದೆ ಜೀಪು ಹಾರನ್ ಹೊಡೆಯುತ್ತದೆ. ಅಷ್ಟರಲ್ಲಿ ದನದ ಕೊಟ್ಟಿಗೆ ಬಳಿದು, ಬರಿಹೊಟ್ಟೆಗೆ ಒಂದು ದೊಡ್ಡ ಲೋಟ ಬೆಲ್ಲದ ಕಾಫಿ ಕುಡಿದು, ಎಲೆಅಡಿಕೆ ದವಡೆಗೆ ಇಟ್ಟು ಬಂದಿರುತ್ತಾಳೆ. ತೋಟದಲ್ಲಿ ಕೊಯ್ಲು ಚೀಲವನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಬೇಕು, ಸಡಿಲ ಬಿಟ್ಟರೆ ಹಣ್ಣಿನ ಭಾರಕ್ಕೆ ಜಾರುತ್ತದೆ. ಹತ್ತು ಗಂಟೆಗೆ ರೊಟ್ಟಿ ತಿಂದವರು ಕೈ ಒರೆಸಿಕೊಂಡು ಗಿಡದ ಬುಡಕ್ಕೆ ಬಗ್ಗಿದರೆ ಉದುರು ಹಣ್ಣು ಆಯ್ದು ಮುಗಿಯುವವರೆಗೆ ಬೆನ್ನು ಎತ್ತುವಂತಿಲ್ಲ. ಸಂಜೆ ಮನೆಗೆ ಬಂದು, ಹಾಲು ಕರೆದು, ಮುದ್ದೆ ತಿರುವಿ ಎಲ್ಲರಿಗೂ ಬಡಿಸಿ ತಾನು ಉಣ್ಣುವಾಗ ಒಂಬತ್ತೂವರೆ. ಉಂಡ ಕೈ ಆರುವ ಮೊದಲೇ ಚಾಪೆ. ಇದನ್ನೆಲ್ಲ ನಾನು ವರ್ಷಗಟ್ಟಲೆ ಬೇಲಿಯ ಈಚೆಯಿಂದ ನೋಡಿದವನು. ನೋಡಿದ್ದೇ ಬಂತು.

ನಾನು ಓದಿದ್ದು ನಾಲ್ಕನೇ ತರಗತಿ. ಉಳಿದದ್ದೆಲ್ಲ ಕಾಡು ಸುತ್ತಿ, ಹಿರಿಯರ ಕಾಲಬುಡದಲ್ಲಿ ಕೂತು, ಸಿಕ್ಕಿದ ಪುಸ್ತಕವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿ ಕಲಿತದ್ದು. ಊರಲ್ಲಿ ಕೆಮ್ಮಿದವರು ಮೊದಲು ಬರುವುದು ನನ್ನ ಜಗಲಿಗೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ನನ್ನ ಮೆಣಸಿನ ಬಳ್ಳಿಗಳ ಕಾಳು ಎಂಥ ಕಫವನ್ನೂ ಕಿತ್ತು ಹಾಕುತ್ತದೆಂದು ನಾನೇ ಹೇಳಿಕೊಂಡು ತಿರುಗಿದ್ದೆ, ಹಲವರ ವಿಷಯದಲ್ಲಿ ಅದು ನಿಜವೂ ಆಗಿತ್ತು.

ಆ ವರ್ಷ ದೀಪಾವಳಿಯ ಹೊತ್ತಿಗೆ ರಂಗಮ್ಮನ ಮೊಮ್ಮಗಳು ಅನುಶ್ರೀಗೆ ಗಂಡು ಗೊತ್ತಾಯಿತು. ವೈಶಾಖದಲ್ಲಿ ಮದುವೆ. ರಂಗಮ್ಮ ಊರಿನ ಹೆಣ್ಣುಮಕ್ಕಳಿಗೆಲ್ಲ ಹಾಡಿದವಳು, ಆದರೆ ತನ್ನ ಮಗಳ ಮದುವೆಯಲ್ಲಿ ಹೆಣ್ಣಿನ ತಾಯಿಯಾಗಿ ಶಾಸ್ತ್ರಕ್ಕೆ ಕೂತಿದ್ದಳು, ಹಾಡು ಬೇರೆಯವರ ಪಾಲಾಗಿತ್ತು. ಈ ಸಲ ಅರಿಶಿನದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಸೊಲ್ಲು ಎತ್ತಿ ಮುಂದೆ ಹಾಡುವವಳು ತಾನೇ ಎಂದು ಜೀಪಿನಲ್ಲಿ ಎಲ್ಲರಿಗೂ ಸಾರಿದಳು.

ಕಾರ್ತಿಕದಲ್ಲಿ ಅವಳ ದನಿ ಒಡೆಯಲು ಶುರುವಾಯಿತು. ಒಂದು ಭಾನುವಾರ ನನ್ನ ಜಗಲಿಗೆ ಬಂದು ಕೂತಳು.

"ಗಂಗಣ್ಣ, ಬೆಳಿಗ್ಗೆ ಎದ್ರೆ ಗಂಟ್ಲು ಕಟ್ಟಿರ್ತದೆ. ಬಗ್ಗಿದ್ರೆ ಹುಳಿನೀರು ಮೇಲಕ್ಕೆ..."

"ಮಂಜು ಕಣವ್ವ," ಅಂದೆ. "ಶೀತ ಹೋಗಿ ಗಂಟ್ಲಲ್ಲಿ ಕುಂತದೆ. ಎಷ್ಟು ಜನರದ್ದು ನೋಡಿಲ್ಲ ನಾನು."

ಅವಳ ಮಾತು ಇನ್ನೂ ಅರ್ಧ ಬಾಯಲ್ಲಿತ್ತು. ನಾನು ಆಗಲೇ ಮೆಣಸು ಕುಟ್ಟಲು ಎದ್ದಿದ್ದೆ. ಮೆಣಸು, ಒಣಶುಂಠಿ, ಮೇಲೆ ಚೂರು ಬೆಲ್ಲ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು. ಬೆಳಿಗ್ಗೆ ಬರಿಹೊಟ್ಟೆಗೆ ಒಮ್ಮೆ, ಮಲಗುವಾಗ ಒಮ್ಮೆ. ಮಜ್ಜಿಗೆ ಶೀತ, ಮುಟ್ಟಬೇಡ ಎಂದೆ. ಗಂಟಲು ಬಿಚ್ಚಲು ದಿನಾ ಕೊಟ್ಟಿಗೆಯಲ್ಲಿ ನಿಂತು ಗಟ್ಟಿಯಾಗಿ ಹಾಡು ಎಂದೂ ಹೇಳಿದೆ. ಅವಳು ಒಂದನ್ನೂ ತಪ್ಪಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾನು ಬೇರೆಯವರ ಮೇಲೆ ಎಷ್ಟು ಸಲ ಹೇಳಿದ್ದೇನೋ.

ಮೂರು ವಾರವಾದರೂ ದನಿ ತಿಳಿಯಾಗಲಿಲ್ಲ. ಕೊಟ್ಟಿಗೆಯಿಂದ ಬರುವ ಹಾಡು ಕೇಳಿ ತಿಮ್ಮಯ್ಯ, ಹಸು ಹಾಲು ಏರಿಸಿಕೊಳ್ಳುತ್ತಿದೆ ಎಂದು ರೇಗಿಸುತ್ತಿದ್ದ. ನಾನು ಮೆಣಸು ಹೆಚ್ಚಿಸಿದೆ. ಪುಷ್ಯದಲ್ಲಿ ಅವಳೇ ಬೇಲಿಯ ಹತ್ತಿರ ನಿಂತು ಕರೆದಳು.

"ಎದೆ ಒಳಗೆ ಒಲೆ ಉರ್ದಂಗಾಯ್ತದೆ ಅಣ್ಣ."

"ಉರೀಬೇಕು. ಉರಿದ್ರೇ ಕಫ ಕರಗೋದು."

ಎದೆ ಉರಿಗೆ, ಹುಳಿತೇಗಿಗೆ ಮದ್ದು ನನಗೆ ಗೊತ್ತಿರಲಿಲ್ಲವೆಂದಲ್ಲ. ಜೀರಿಗೆ ನೀರು, ನೀರುಮಜ್ಜಿಗೆ, ಬೂದುಗುಂಬಳದ ರಸ, ಹೊತ್ತಿಗೆ ಮುಂಚೆ ಊಟ. ಇದನ್ನೇ ಊರಿಗೆಲ್ಲ ಹೇಳಿದವನು ನಾನು. ಆದರೆ ರಂಗಮ್ಮನದು ಗಂಟಲ ಕಾಯಿಲೆ ಎಂದು ಮೊದಲ ದಿನವೇ ತೀರ್ಪು ಕೊಟ್ಟಾಗಿತ್ತು, ಕೊಟ್ಟ ತೀರ್ಪು ತಿದ್ದುವ ಅಭ್ಯಾಸ ನನಗಿರಲಿಲ್ಲ. ಹೊಟ್ಟೆಯ ಹುಳಿ ಗಂಟಲಿನವರೆಗೆ ಹತ್ತಿ ಹೋಗಿ ದನಿಯನ್ನು ಸುಡಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಶಿವರಾತ್ರಿಯ ಹೊತ್ತಿಗೆ ಅವಳ ದನಿ ಒಣ ಬಿದಿರು ಸೀಳಿದಂತಾಯಿತು. ಅನುಶ್ರೀ ಹಟ ಹಿಡಿದು ಮಡಿಕೇರಿಗೆ, ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ನಾನೂ ಬಸ್ಸು ಹತ್ತಿದೆ. ಸಹಾಯಕ್ಕೆಂದು ಹೇಳಿದೆ, ನಿಜವಾಗಿ ಹೋದದ್ದು ಡಾಕ್ಟರು ನನ್ನ ಮದ್ದನ್ನು ಕೆಡಿಸದಂತೆ ನೋಡಿಕೊಳ್ಳಲು.

ಡಾಕ್ಟರು ದಿವ್ಯಶ್ರೀ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಮೂಗಿನಿಂದ ತೆಳ್ಳಗಿನ ಕೊಳವೆ ಇಳಿಸಿ ಗಂಟಲಿನ ಒಳಗನ್ನು ಪರದೆಯ ಮೇಲೆ ತೋರಿಸಿದರು. ದನಿ ಹುಟ್ಟುವ ಜಾಗ ಬಾತು ಕೆಂಪಾಗಿತ್ತು. ಶೀತವಲ್ಲ, ಊರಲ್ಲಿ ಗ್ಯಾಸ್ಟ್ರಿಕ್ ಅನ್ನುತ್ತೀರಲ್ಲ, ಅದರ ಹುಳಿ ಮೇಲೆ ಬಂದು ಸುಟ್ಟಿದೆ, ಅದರ ಮೇಲೆ ಕೂಗಿ ಹಾಡಿ ಇನ್ನಷ್ಟು ಕೆಡಿಸಿಕೊಂಡಿದ್ದೀರಿ ಎಂದರು. ಮೂರು ತಿಂಗಳಿಂದ ಏನು ತೆಗೆದುಕೊಂಡಿರಿ ಎಂದು ಕೇಳಿದರು.

"ಮನೆ ಮದ್ದು ತಾಯಿ. ಮೆಣಸಿನ ಕಷಾಯ," ಅಂದಳು ರಂಗಮ್ಮ.

"ಯಾರು ಕೊಟ್ಟಿದ್ದು?"

ರಂಗಮ್ಮ ಒಂದು ಸಲ ನನ್ನ ಕಡೆ ನೋಡಿದಳು. ನಾನು ಹೆಗಲ ಮೇಲಿನ ಟವೆಲಿನ ಅಂಚು ಸರಿಮಾಡಿಕೊಂಡೆ.

"ನಾನೇ ಮಾಡ್ಕಂಡು ಕುಡಿದೆ," ಅಂದಳು.

"ಸುಟ್ಟ ಗಾಯಕ್ಕೆ ಮೆಣಸು ಅರೆದು ಹಚ್ಚಿದ ಹಾಗಾಗಿದೆ ಅಜ್ಜಿ. ಇನ್ನು ಯಾರು ಏನು ಹೇಳಿದ್ರೂ ಅದನ್ನ ಮುಟ್ಟಬೇಡಿ."

ಆ ಕಷಾಯ ನನ್ನದೆಂದು ಊರು ತುಂಬ ಹೇಳಿದ ಬಾಯಿ ಅಲ್ಲಿ ಹೊಲಿದುಕೊಂಡಿತು. ಬಸ್ಸಿನಲ್ಲಿ ವಾಪಸ್ ಬರುವಾಗಲೂ ಅವಳು ಅದರ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಾರನೆಯ ದಿನದಿಂದ ನನ್ನ ಕೈ ಸುಮ್ಮನಿರಲಿಲ್ಲ. ಅವಳಿಗೆ ಮಂಚ ಹಾಕಿಸಿ, ತಲೆಯ ಕಡೆಯ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರ ಮಾಡಿದೆ. ಎಡಮಗ್ಗುಲಾಗಿ ಮಲಗಬೇಕು, ಉಂಡು ಮೂರು ಗಂಟೆ ಮಲಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ತಿಮ್ಮಯ್ಯನೇ ಮುದ್ದೆ ತಿರುವಲು ಕಲಿತ. ಗಂಟುಮುದ್ದೆ ತಿಂದಾದರೂ ಏಳು ಗಂಟೆಗೆ ಅವರ ಮನೆಯಲ್ಲಿ ಊಟ ಮುಗಿಯುತ್ತಿತ್ತು. ಬರಿಹೊಟ್ಟೆಯ ಕಾಫಿ ಹೋಯಿತು, ಎಲೆಅಡಿಕೆ ಹೋಯಿತು. ನನ್ನ ಬೂದುಗುಂಬಳವೆಲ್ಲ ಅವರ ಅಡುಗೆಮನೆಗೆ ಹೋಯಿತು. ಕೊಯ್ಲು ಅಷ್ಟರಲ್ಲಿ ಮುಗಿದಿತ್ತು, ಸೊಂಟಕ್ಕೆ ಚೀಲ ಬಿಗಿದು ಹೊಟ್ಟೆ ಒತ್ತುವುದೂ ತಪ್ಪಿತು. ಡಾಕ್ಟರ ಮಾತ್ರೆಯನ್ನು ನಾನೇ ಗಂಟೆ ನೋಡಿ ನೆನಪಿಸುತ್ತಿದ್ದೆ. ಯುಗಾದಿಗೆ ಎದೆ ಉರಿ ನಿಂತಿತು. ಮಾತು ತಿಳಿಯಾಯಿತು. ಆದರೆ ಸೊಲ್ಲು ಎತ್ತಲು ಹೋದರೆ ಎರಡನೆಯ ಸಾಲಿಗೆ ದನಿ ಜಾರಿ ಬೀಳುತ್ತಿತ್ತು. ಮತ್ತೆ ತೋರಿಸಲು ಮಡಿಕೇರಿಗೆ ಹೋದಾಗ, ಗಂಟಲು ಮಾಯಲು ತಿಂಗಳುಗಳೇ ಬೇಕು, ಬಲವಂತ ಮಾಡಿದರೆ ಮಾತೂ ಹೋದೀತು ಎಂದರು ಡಾಕ್ಟರು. ಬೇಗ ಬಂದಿದ್ದರೆ ಎಂದು ಶುರುಮಾಡಿ, ಅವಳ ಮುಖ ನೋಡಿ ಮಾತು ಬದಲಿಸಿದರು.

ಮದುವೆಗೆ ಆಗ ಉಳಿದಿದ್ದದ್ದು ಐದು ವಾರ.

ಚಪ್ಪರದ ದಿನ ಮಧ್ಯಾಹ್ನ ಅನುಶ್ರೀಯನ್ನು ಹಸೆಯ ಮೇಲೆ ಕೂರಿಸಿದರು. ಸೊಲ್ಲು ಎತ್ತುವವಳಿಗೆ ಮೊದಲ ವೀಳ್ಯ ಕೊಡುವುದು ನಮ್ಮಲ್ಲಿ ಪದ್ಧತಿ. ರಂಗಮ್ಮನ ಮಗಳು ತಟ್ಟೆ ತಂದು ಅವಳ ಮುಂದೆ ಇಟ್ಟಳು. ರಂಗಮ್ಮ ಅದನ್ನು ಎರಡು ಕೈಯಲ್ಲಿ ಎತ್ತಿ ಜೊತೆಗಾತಿ ದೊಡ್ಡಿಯ ಮಡಿಲಿಗೆ ಹಾಕಿದಳು. ದೊಡ್ಡಿ ಮೂವತ್ತು ವರ್ಷ ಅವಳ ಹಿಂದೆ ಕೂತು ಸೊಲ್ಲು ಹಿಡಿದವಳು. ಎತ್ತಿಕೊಟ್ಟದ್ದನ್ನು ತಿರುಗಿ ಹೇಳಿ ಗೊತ್ತೇ ಹೊರತು ಮುಂದಿನ ಸಾಲು ಯಾವುದೆಂದು ತಾನಾಗಿ ಗೊತ್ತಿಲ್ಲ. ಅದಕ್ಕೆ ರಂಗಮ್ಮ ಅವಳ ಎದುರಿಗೆ, ಕಂಬದ ಪಕ್ಕ ಕೂತು, ದನಿಯಿಲ್ಲದೆ ಬರೀ ತುಟಿಯಲ್ಲಿ ಒಂದೊಂದೇ ಸಾಲು ಕೊಡುತ್ತಿದ್ದಳು. ದೊಡ್ಡಿ ತುಟಿ ನೋಡಿ ಹಾಡುತ್ತಿದ್ದಳು. ದನಿ ತೆಳು, ಧಾಟಿ ಅಲ್ಲಲ್ಲಿ ತಪ್ಪು. ಅಡುಗೆಯವರ ಸೌಟಿನ ಸದ್ದು ಚಪ್ಪರದವರೆಗೂ ಕೇಳುತ್ತಿತ್ತು. ಅನುಶ್ರೀ ತಲೆ ತಗ್ಗಿಸಿ ಅಳುತ್ತಿದ್ದಳು, ಹೆಣ್ಣು ಅಳುವುದು ಸಹಜವೆಂದು ಬಂದವರು ತಿಳಿದರು.

ನಾನು ತಡೆಯಲಾರದೆ ಎದ್ದು ಹೋಗಿ ರಂಗಮ್ಮನ ಮುಂದೆ ನಿಂತೆ. ಎರಡು ಹಾಡಿನ ನಡುವೆ ಅರಿಶಿನದ ಬಟ್ಟಲು ಕೈ ಬದಲಾಗುತ್ತಿತ್ತು.

"ರಂಗಮ್ಮ, ತಪ್ಪು ನಂದು. ನೀನು ಹೇಳಕ್ಕೆ ಬಂದಾಗ ಕೇಳ್ಳಿಲ್ಲ."

ಅವಳು ತಲೆ ಎತ್ತಿ ನೋಡಿದಳು. ಸಿಟ್ಟೇನೂ ಕಾಣಲಿಲ್ಲ.

"ಮದ್ದು ತಪ್ಪೋದು ಎಲ್ರಿಗೂ ಆಯ್ತದೆ ಕಣಣ್ಣ. ಆ ಡಾಕ್ಟ್ರು ಕೇಳಿದಾಗ ನೀನು ಬಾಯಿ ಬಿಡ್ತೀಯ ಅಂತ ನಾನು ಕಾದೆ."

ಹಿಂದಿನಿಂದ ದೊಡ್ಡಿ ಮುಂದಿನ ಹಾಡಿನ ಮೊದಲ ಸಾಲನ್ನೇ ಎರಡನೆಯ ಸಲ ಹಾಡುತ್ತಿದ್ದಳು.

"ಈಗ ಆ ಕಡೆ ಸರ್ಕೊ," ಅಂದಳು ರಂಗಮ್ಮ. "ನೀನು ಅಡ್ಡ ನಿಂತಿದ್ದೀಯ. ಅವಳಿಗೆ ನನ್ನ ಬಾಯಿ ಕಾಣ್ತಿಲ್ಲ."

ನಾನು ಸರಿದು ನಿಂತೆ.