ಬಿಸಿಲಿಗಿಡದ ಇಂಜೆಕ್ಟರ್

ಮೊನ್ನೆ ಪೆರೇಸಂದ್ರದ ಗ್ರಾಹಕರೊಬ್ಬರ ಮಹಡಿ ಹತ್ತಿ ಇಂಟರ್‌ನೆಟ್ ಪೆಟ್ಟಿಗೆಯ ಮುಚ್ಚಳ ತೆಗೆದೆ. ಕರಕಲಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ನೀರಿನ ಟ್ಯಾಂಕಿಗೆ ಒರಗಿ ಕುಳಿತುಬಿಟ್ಟೆ. ಆ ವಾಸನೆ ಬಂದರೆ ಸಾಕು, ಚಿಂತಾಮಣಿಯ ರಿಪೇರಿ ಅಂಗಡಿಯ ಅಣ್ಣ ಕಣ್ಣ ಮುಂದೆ ಬರುತ್ತಾರೆ...

ನಾನು ಹಳ್ಳಿಗಳಿಗೆ ವೈರ್‌ಲೆಸ್ ಇಂಟರ್‌ನೆಟ್ ಕೊಡುವವನು. ಕಂಬದ ಮೇಲಿನ ಡಿಶ್ಶಿಗೆ ನೆಟ್ಟೂ ಕರೆಂಟೂ ಒಂದೇ ವೈರಿನಲ್ಲಿ ಹೋಗಬೇಕು. ಹಾಗೆ ಕಳಿಸುವ ಅಂಗೈಯಗಲದ ಸಾಧನವೇ ಇಂಜೆಕ್ಟರ್. ಯಾವುದು ಬಾಳಿಕೆ ಬರುತ್ತದೆಂದು ನನಗೆ ಆರಿಸಿಕೊಡುತ್ತಿದ್ದವರು ಅಣ್ಣ. ಮೇಲೆ ಇಪ್ಪತ್ನಾಲ್ಕು ವೋಲ್ಟ್ ಎಂದು ಅಚ್ಚಾಗಿದ್ದ ಮಾತ್ರಕ್ಕೆ ನಂಬುವ ಆಸಾಮಿಯಲ್ಲ. ಬಲ್ಬಿನ ಲೋಡ್ ಕೊಟ್ಟು, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಮುಚ್ಚಿ, ಅಂಗಡಿಯ ಶೀಟಿನ ಮೇಲೆ ಇಡೀ ದಿನ ಬಿಸಿಲಿಗಿಡುತ್ತಿದ್ದರು. ಸಂಜೆ ಮೀಟರ್ ಹಿಡಿದಾಗ ವೋಲ್ಟೇಜ್ ಕುಸಿದಿದ್ದರೆ ಮುಲಾಜಿಲ್ಲದೆ ವಾಪಸ್. ಇದೇನು ಹಪ್ಪಳವೇ ಎಂದು ನಾನು ರೇಗಿಸುತ್ತಿದ್ದೆ. ನಗುತ್ತಿದ್ದರೇ ಹೊರತು ಹೊತ್ತಿಗೆ ಮುಂಚೆ ಡಬ್ಬಿ ಇಳಿಸುತ್ತಿರಲಿಲ್ಲ.

ಅವರ ಮನೆ ಅಂಬಾಜಿದುರ್ಗದ ಬೆಟ್ಟದ ಮರೆಯಲ್ಲಿ, ತೋಟದ ನಡುವೆ. ಅಲ್ಲಿ ಮೊಬೈಲ್ ಸಿಗ್ನಲ್ ಸುತರಾಂ ಸಿಗದು. ನಾನು ಕೊಟ್ಟಿದ್ದ ವೈಫೈ ಇದ್ದರೆ ಮಾತ್ರ ಫೋನ್ ಹೋಗುತ್ತಿತ್ತು. ಎದೆನೋವಿಗೆ ಆಸ್ಪತ್ರೆ ಸೇರಿ ಅವರು ಮನೆಗೆ ಮರಳಿದ ವಾರವೇ ಸಿಡಿಲಿಗೆ ಮಹಡಿಯ ಪೆಟ್ಟಿಗೆಯಲ್ಲಿದ್ದ ಇಂಜೆಕ್ಟರ್ ಸುಟ್ಟುಹೋಯಿತು. ನಾನು ಆನ್‌ಲೈನಿನಲ್ಲಿ ತರಿಸಿದ್ದ ಅಗ್ಗದ ಮಾಲಿನಲ್ಲೊಂದನ್ನು ಹಾಕಿ ಕೆಳಗಿಳಿದೆ. ಮಂಚದಿಂದಲೇ ಅಣ್ಣ ಕೇಳಿದರು.

"ಬಿಸಿಲಿಗೆ ಇಟ್ಟಿದ್ಯೇನಪ್ಪಾ?"

"ಇಟ್ಟಿದ್ದೆ ಅಣ್ಣ. ಒಂದಿಡೀ ದಿನ."

ಇಟ್ಟಿರಲಿಲ್ಲ. ಶಿಡ್ಲಘಟ್ಟದಲ್ಲಿ ಇನ್ನೂ ಮೂರು ಮನೆಯವರು ಕಾಯುತ್ತಿದ್ದರು, ನನಗೆ ಅವಸರ. "ಹಂಗಾದ್ರೆ ಭಯ ಇಲ್ಲ ಬಿಡು" ಎಂದು ಅಣ್ಣ ಮಗ್ಗುಲಾದರು.

ಎಂಟು ದಿನವೋ ಹತ್ತು ದಿನವೋ... ಲೆಕ್ಕ ಮರೆತಿದೆ. ಸುಡುವ ಮಧ್ಯಾಹ್ನ ಅಣ್ಣ ಮತ್ತೆ ಎದೆ ಹಿಡಿದುಕೊಂಡರಂತೆ. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಆಂಬುಲೆನ್ಸಿಗೆ ಎಷ್ಟು ಸಲ ಒತ್ತಿದರೂ ಫೋನ್ ಹೋಗಲಿಲ್ಲ. ಬರಿಗಾಲಿನಲ್ಲಿ ರಸ್ತೆಯವರೆಗೆ ಓಡಿ ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುದ್ದಿ ತಿಳಿದು ಹೋದವನು ಅಣ್ಣನ ಮುಖವನ್ನೂ ನೋಡದೆ ಯಾರಿಗೂ ಕಾಣದಂತೆ ಮಹಡಿ ಹತ್ತಿದೆ. ಇಂಜೆಕ್ಟರ್ ಕರಗಿ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿತ್ತು. ಕಿತ್ತು ಜೇಬಿಗೆ ತುರುಕಿಕೊಂಡೆ. ಬ್ಯಾಗಿನಲ್ಲಿದ್ದ ಬೇರೆಯದನ್ನು ಸಿಕ್ಕಿಸಿದಾಗ ಡಿಶ್ಶಿನ ದೀಪ ಹತ್ತಿತು. ಕೆಳಗೆ ಅಳು ಕೇಳುತ್ತಿತ್ತು. ದೇವರೇ, ಎಂಥ ಕೆಲಸ ಮಾಡಿದೆ ನಾನು.

ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಗೌರಿಬಿದನೂರಿನವರೆಗೂ ಹುಡುಕಿದ್ದೇನೆ, ಇದು ಒಳ್ಳೆಯದು, ಇದು ಬೇಡ ಎಂದು ಎದೆ ತಟ್ಟಿ ಹೇಳುವವರು ಒಬ್ಬರೂ ಸಿಗಲಿಲ್ಲ. ಪ್ರತಿಯೊಂದು ಇಂಜೆಕ್ಟರ್ ಕೈಗೆತ್ತಿಕೊಂಡಾಗಲೂ ಹಿಂದೆ ಮುಂದೆ ತಿರುಗಿಸಿ ನೋಡಿ ಕೆಳಗಿಡುತ್ತೇನೆ. ಯಾರ ಕಾಲು ಹಿಡಿಯಲಿ, ಯಾರಲ್ಲಿ ಹೇಳಿಕೊಳ್ಳಲಿ...

ಇವತ್ತು ಅಕ್ಕನ ಮನೆಯ ವೈರ್ ನೋಡಿಕೊಂಡು ಬಂದೆ. ಕಾಫಿ ಕೊಡುತ್ತಾ ಅವರು ಹಳೆಯ ಮಾತನ್ನೇ ಆಡಿದರು.

"ಅವತ್ತು ಕರೆಂಟ್ ಹೋಗಿ ನೆಟ್ ನಿಲ್ದೇ ಇದ್ದಿದ್ರೆ ನಿಮ್ಮಣ್ಣ ಉಳೀತಿದ್ರು. ಅದಕ್ಕೆ ನೀನೇನ್ ಮಾಡ್ತೀಯಪ್ಪಾ."

ಹೂಂ ಅಕ್ಕ, ಅಂದೆ.