ಪೆನಿನಾಳ ಅಂಗಿಯಲ್ಲಿ ಮಲಾಕಿ

ಬಟ್ಟೆ ವ್ಯಾಪಾರಿಯ ಕಣ್ಣಿಗೆ ಮಲಾಕಿ ಆರು ಗಜದ ಗಿರಾಕಿ. ಅವನ ಹೆಂಡತಿ ಪೆನಿನಾಳಿಗೆ ಎರಡೂವರೆ ಗಜ ಸಾಕು, ಆದರೆ ಚೌಕಾಸಿಗೆ ನಿಂತರೆ ಇಡೀ ಥಾನು ಅವಳದೇ. ಮನೆಯ ಜಗಳವನ್ನು ಶನಿವಾರ ಸಂಜೆ ನಮ್ಮ ದ್ವೀಪದ ಅಪಿಯಾ ಪಟ್ಟಣದ ಚರ್ಚಿನ ಸಭಾಂಗಣದಲ್ಲಿ ಆಡಿ ತೋರಿಸಿ ನಗಿಸುವುದು ಇಬ್ಬರ ಕಸುಬು. ನಿಯಮ ಒಂದೇ: ಅವನು ಹೆಂಡತಿಯಾಗಬೇಕು, ಅವಳು ಗಂಡನಾಗಬೇಕು.

ಒಂದು ಭಾನುವಾರ ಪಾದ್ರಿಗಳ ಊಟಕ್ಕೆಂದು ಮಲಾಕಿ, ನೆಲದ ಗುಂಡಿಯ ಒಲೆಯಲ್ಲಿ ಕಲ್ಲು ಕಾದು ಕೆಂಪಾಗುವ ಮೊದಲೇ ಹಂದಿಯನ್ನಿಟ್ಟು, ಎಲೆ ಮುಚ್ಚಿ ಮಲಗಿಬಿಟ್ಟ. ಮಾಂಸ ಬೇಯಲೇ ಇಲ್ಲ. ಪೆನಿನಾ ಆರು ದಿನ ಮಾತು ಬಿಟ್ಟಳು. ಶನಿವಾರ ಜನ ತುಂಬಿದರೂ ಅವಳು ವೇದಿಕೆ ಹತ್ತದೆ, ಹಿಂದಿನ ಸಾಲಿನ ಚಾಪೆಯ ಮೇಲೆ ನನ್ನ ಹೆಂಡತಿಯ ಪಕ್ಕ ಕೂತಳು.

ಮಲಾಕಿ ಅವಳ ಹೂವಿನ ಅಂಗಿಯೊಳಗೆ ಹೇಗೋ ಮೈ ತುರುಕಿಕೊಂಡು ಒಬ್ಬನೇ ಬಂದ. ಸೊಂಟಕ್ಕೆ ಕೈಯಿಟ್ಟು ಅವಳದೇ ದನಿಯಲ್ಲಿ ಶುರು ಮಾಡಿದ: “ಪಾದ್ರಿಗಳು ಪ್ರಾರ್ಥನೆ ಮುಗಿಸಿದಾಗ ‘ಆಮೆನ್’ ಅಂದಿದ್ದೇ ಆ ಹಂದಿ ಕಣಯ್ಯಾ! ಜನ ನಿನ್ನನ್ನ ಬೈದ್ರಾ? ಪೆನಿನಾ ಮನೆ ಊಟ ನೋಡಿ ಅಂದ್ರು. ಮರ್ಯಾದೆ ಹೋಗಿದ್ದು ನಂದು!”

ಜನ ಬಿದ್ದು ಬಿದ್ದು ನಕ್ಕರು. ಪೆನಿನಾ ನಗಲಿಲ್ಲ. “ಅಯ್ಯೋ, ಈ ಎಮ್ಮೆಗೆ ಅರ್ಥ ಆಗಿದೆ ಕಣೇ,” ಎಂದು ನನ್ನ ಹೆಂಡತಿಯ ತೊಡೆ ತಟ್ಟಿ ಎದ್ದಳು. ನನ್ನ ಚೀಲ ಕಸಿದು ಹೊಟ್ಟೆಗೆ ತುರುಕಿಕೊಂಡು, ವೇದಿಕೆ ಹತ್ತಿ ಕಾಲು ಚಾಚಿ ಗೊರಕೆ ಹೊಡೆದಳು.

“ಏಳೋ ಸೋಮಾರಿ!” ಎಂದ ಮಲಾಕಿ, ಕಣ್ಣೊರೆಸಿಕೊಂಡು.

“ಕಲ್ಲು ಕಾಯ್ಲಿ ಬಿಡೇ, ಆಮೇಲೆ ಎಬ್ಬಿಸು!”

ಈಗ ಹೆಂಡತಿಗೆ ಎದುರಾಡುವ ಮೊದಲು ನಾನೂ ಅವಳ ಮಾತನ್ನು ಮನಸ್ಸಲ್ಲೇ ಒಮ್ಮೆ ಆಡಿ ನೋಡುತ್ತೇನೆ. ಈ ಅಭ್ಯಾಸಕ್ಕೆ ನಾನು ಮಲಾಕಿ, ಪೆನಿನಾ ಇಬ್ಬರಿಗೂ ಋಣಿ.